ಹೂಂ ಅನ್ನಿಸಿಕೊಳ್ಳದೆ ಕೀ ಒತ್ತದ ಗುರುಸಿದ್ದ

ಗುರುಸಿದ್ದನಂಥ ಪುಕ್ಕಲು ಮನುಷ್ಯ ಕಂಪ್ಯೂಟರ್ ರಿಪೇರಿಗೆ ಹೇಗೆ ಬಂದನೋ ದೇವರೇ ಬಲ್ಲ. ಹುನಗುಂದದ ಕಡೆಯವನು. ಜಯನಗರ ನಾಲ್ಕನೇ ಬ್ಲಾಕಿನ ಸಣ್ಣ ಅಂಗಡಿಯೊಂದರಲ್ಲಿ ಕೆಲಸ, ಬಿಟಿಎಂ ಲೇಔಟಿಗೆ ಅಂಟಿಕೊಂಡ ತಾವರೆಕೆರೆಯಲ್ಲಿ ಮಹಡಿ ಮೇಲೊಂದು ಬಾಡಿಗೆ ರೂಮು. ಪ್ಲಗ್ಗು ಕಿತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿ ಎದ್ದವನು, ಯಾವುದಕ್ಕೂ ಇರಲಿ ಎಂದು ಮತ್ತೆ ಬಗ್ಗುತ್ತಿದ್ದ. ಅಂಗಡಿಯವರು ಆಡಿಕೊಂಡು ನಗುತ್ತಿದ್ದರು. ನಗಲಿ ಬಿಡಿ, ಅವನ ಕೈಯಲ್ಲಿ ಯಾರ ಮಷೀನೂ ಕೆಟ್ಟಿರಲಿಲ್ಲ.

ಅವನದೊಂದು ಪದ್ಧತಿಯಿತ್ತು. ವಿಂಡೋಸ್ ಹೊಸದಾಗಿ ಹಾಕುವಾಗ ಡಿಸ್ಕಿನಲ್ಲಿದ್ದ ಹಳೆಯದನ್ನು ಅಳಿಸುವ ಘಳಿಗೆ ಬರುತ್ತದಲ್ಲ, ಆಗ ಕೀ ಮೇಲೆ ಬೆರಳಿಟ್ಟು ಹಿಂದೆ ತಿರುಗಿ, "ಹೂಂ ಅನ್ರಿ ಸಾರ್" ಎನ್ನುತ್ತಿದ್ದ. ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೂಂ ಅನ್ನಬೇಕು. ನಾಳೆ ಏನಾದರೂ ಹೋಯಿತೆಂದರೆ ತಪ್ಪು ತನ್ನೊಬ್ಬನ ತಲೆಗೆ ಬರಬಾರದು ಎಂಬ ಲೆಕ್ಕಾಚಾರ. ಬನಶಂಕರಿಯ ರಿಟೈರ್ಡ್ ಮೇಷ್ಟ್ರೊಬ್ಬರು, ಇದೇನು ಹೆಣ್ಣು ಕೇಳೋ ಶಾಸ್ತ್ರವೇನಯ್ಯಾ ಎಂದು ರೇಗಿದ್ದರು. ಗುರುಸಿದ್ದ ಅವರಿಂದಲೂ ಹೂಂ ಅನ್ನಿಸಿಕೊಂಡೇ ಒತ್ತಿದ್ದ.

೨೦೦೫ರ ವಿಜಯದಶಮಿ ಕಳೆದ ಭಾನುವಾರ, ಬೆಳಿಗ್ಗೆ, ಮನೆಯೊಡತಿ ಮಂಗಮ್ಮ ಕೆಳಗಿನಿಂದ ಕೂಗಿದರು. "ಸಿದ್ದು, ಒಸಿ ಬಾರಪ್ಪ. ಕಂಪ್ಯೂಟ್ರು ಸುರುನೇ ಆಯ್ತಿಲ್ಲ. ಇವ್ರು ತಿಂಡಿ ಬಿಟ್ಟು ಕುಂತವ್ರೆ."

ಗುರುಸಿದ್ದ ದಡಬಡನೆ ಮೆಟ್ಟಿಲಿಳಿದ. ಆ ಕಂಪ್ಯೂಟರಿನಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು. ಮಂಗಮ್ಮನವರ ಗಂಡ ಚಿಕ್ಕಬೈರಪ್ಪ, ತಾವರೆಕೆರೆ ಇನ್ನೂ ಹಳ್ಳಿಯಾಗಿದ್ದಾಗ ಸೊಪ್ಪು ಬೆಳೆದವರು, ಹೊಲವೆಲ್ಲ ಸೈಟುಗಳಾದ ಮೇಲೆ ಬಾಡಿಗೆ ಮನೆ ಕಟ್ಟಿಸಿದವರು. ರಾಮಮಂದಿರದ ಭಜನೆಯಲ್ಲಿ ಅವರು ಬಾಯಿ ತೆರೆದರೆ ಮೈಕು ಬೇಕಿರಲಿಲ್ಲ. ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಸ್ಪತ್ರೆಗೆ ಸೇರುವ ಮುಂಚೆ ಮಗ ಮೋಹಿತ್ ಅಪ್ಪನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಹಾಡಿಸಿ ಇಟ್ಟುಕೊಂಡಿದ್ದ. ಸಿಡಿಗೆ ಹಾಕಿಸಬೇಕು, ಹಾಕಿಸಬೇಕು ಎನ್ನುತ್ತಲೇ ತಿಂಗಳುಗಳು ಉರುಳಿದ್ದವು. ಆ ಮನುಷ್ಯನ ಧ್ವನಿ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ.

ಚಿಕ್ಕಬೈರಪ್ಪ ಕುತ್ತಿಗೆಗೆ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಕಂಪ್ಯೂಟರಿನ ಮೈಮೇಲೆ ಆಯುಧಪೂಜೆಯ ವಿಭೂತಿ, ಕುಂಕುಮ, ಒಣಗಿದ ಚೆಂಡುಹೂವು. ಗುರುಸಿದ್ದ ಆನ್ ಮಾಡಿ ನೋಡಿದ. ವೈರಸ್ಸು ವಿಂಡೋಸನ್ನು ತಿಂದುಹಾಕಿತ್ತು. ಡಿಸ್ಕನ್ನು ಬಿಚ್ಚಿ ಬೇರೆ ಮಷೀನಿಗೆ ಹಾಕೋಣವೆಂದರೆ, ಈ ಹೊಸ ಬಗೆಯ ಡಿಸ್ಕಿನ ವೈರು ಅಂಗಡಿಯ ಹಳೇ ಮಷೀನುಗಳಿಗೆ ಹೊಂದುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ವಿಂಡೋಸ್ ಸಿಡಿ ಹಾಕಿದ. ನೀಲಿ ಪರದೆ ಬಂದು, ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕೇ ಕಾಣುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿತು.

ಡಿಸ್ಕೇ ಸತ್ತಿದ್ದರೆ? ಹಿಂದೆ ಕುರ್ಚಿಯಲ್ಲಿ, ಕುತ್ತಿಗೆಯ ತೂತಿನಿಂದ ಬರುವ ಉಸಿರಿನ ಸದ್ದು ಜೋರಾಯಿತು. ತಿರುಗಿ ಆ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

ಮಷೀನು ಆರಿಸಿ ಮತ್ತೆ ಹಾಕಿ, ವಿಂಡೋಸಿಗಿಂತ ಮುಂಚೆ ಬರುವ ಕಪ್ಪು ಪರದೆಯನ್ನು ಕಣ್ಣು ಕೀಲಿಸಿ ನೋಡಿದ. ಡಿಸ್ಕಿನ ಹೆಸರು ಅಲ್ಲಿತ್ತು. ಬದುಕಿದೆ, ಹಾಗಾದರೆ. ಸಿಡಿ ಹಳೆಯದು, ಡಿಸ್ಕು ಹೊಸದು, ಒಂದಕ್ಕೊಂದು ಗುರುತಿಲ್ಲ. ಗುರುತು ಮಾಡಿಸುವ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಸಿಡಿ ಸುರುವಾಗುವಾಗಲೇ ಫ್ಲಾಪಿಯಿಂದ ಉಣಿಸಬೇಕು. ರೂಮಿಗೆ ಓಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಫ್ಲಾಪಿ ತಂದ.

ಫ್ಲಾಪಿ ಮಷೀನಿನ ಬಾಯಲ್ಲಿ ಅರ್ಧಕ್ಕೇ ನಿಂತಿತು. ಒತ್ತಿದರೆ ಮುರಿಯುವ ಭಯ, ಬಿಟ್ಟರೆ ಕೆಲಸವಿಲ್ಲ. ಮಷೀನು ಆರಿಸಿ, ಫ್ಲಾಪಿ ಹೊರಗೆಳೆದು ಟಾರ್ಚು ಬಿಟ್ಟರೆ ಒಳಗೆಲ್ಲ ಹಳದಿ ಅಕ್ಕಿಕಾಳು.

"ಪೂಜೆ ದಿನ ಎರಡು ಕಾಳು ಅಕ್ಷತೆ ಆ ಬಾಯ್ಗೂ ಹಾಕ್ದೆ ಕಣಪ್ಪ," ಎಂದರು ಮಂಗಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು. "ಇವ್ರ ಹಾಡು ಅದ್ರೊಳ್ಗೇ ತಾನೆ ಐತೆ. ದೇವ್ರು ಕಾಯ್ಲಿ ಅಂತ."

ಎರಡು ಕಾಳಂತೆ! ಒಂದು ಮದುವೆಗಾಗುವಷ್ಟಿತ್ತು. ಗುರುಸಿದ್ದನಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮಂಗಮ್ಮನವರ ಹೇರ್‌ಪಿನ್ನು ಇಸಕೊಂಡು ಒಂದೊಂದೇ ಕಾಳು ತೆಗೆದ. ಈ ಸಲ ಫ್ಲಾಪಿ ಒಳಗಿಳಿದು ಕರಕರ ಸದ್ದು ಮಾಡಿತು. ಪರದೆಯ ಮೇಲೆ ಡಿಸ್ಕು ಕಾಣಿಸಿತು, ಸಿ ಮತ್ತು ಡಿ ಎಂದು ಎರಡು ಭಾಗವಾಗಿ.

ಟೆಂಪೊ ತಗೊಂಡು ಹೊಸೂರಿಗೆ ಹೋಗಿದ್ದ ಮೋಹಿತನಿಗೆ ಫೋನ್ ಮಾಡಿದ. "ಅಪ್ಪನ ಹಾಡು ಯಾವುದ್ರಾಗ ಐತೋ?"

"ಡಿನಲ್ಲೇ ಹಾಕಿದ್ದೆ ಅನ್ಸುತ್ತೆ ಗುರು."

"ಅನ್ಸುತ್ತೋ, ಹಾಕಿದ್ದೋ?"

"ಹಾಕಿದ್ದೆ ಮಗಾ. ಡೆಸ್ಕ್‌ಟಾಪಲ್ಲೂ ಏನೋ ಇತ್ತಪ್ಪ, ನೆನಪಿಲ್ಲ."

ಡೆಸ್ಕ್‌ಟಾಪ್ ಇರುವುದು ಸಿಯಲ್ಲಿ. ವಿಂಡೋಸ್ ಹಾಕಬೇಕಾದರೆ ಸಿ ಅಳಿಸಲೇಬೇಕು. ಅಳಿಸದೆ ಮೇಲೆಯೇ ಹಾಕಿದರೆ ವೈರಸ್ಸು ಉಳಿದುಕೊಂಡು ನಾಳೆ ಡಿಯನ್ನೂ ತಿನ್ನಬಹುದು. ಹಾಡು ಸಿಯಲ್ಲೇ ಇದ್ದರೆ ಇವತ್ತೇ ಮುಗಿಯಿತು. ಗುರುಸಿದ್ದ ಎಲ್ಲವನ್ನೂ ಚಿಕ್ಕಬೈರಪ್ಪನವರಿಗೆ ಬಿಡಿಸಿ ಹೇಳಿದ. ಕೀ ಮೇಲೆ ಬೆರಳಿಟ್ಟ. ಅಭ್ಯಾಸ ನೋಡಿ, ಬಾಯಿ ತಾನಾಗಿಯೇ ಆಡಿಬಿಟ್ಟಿತು.

"ಹೂಂ ಅನ್ರಿ ಅಂಕಲ್."

ಆಡಿದ ಮೇಲೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಿಕ್ಕಬೈರಪ್ಪ ಬೇಸರಿಸಿಕೊಳ್ಳಲಿಲ್ಲ. ಪ್ರಾಮಾಣಿಕವಾಗಿ ಹೂಂ ಅನ್ನಲು ಹೋದರು. ತುಟಿ ಕೂಡಿತು, ಕುತ್ತಿಗೆಯ ಬಟ್ಟೆ ಅಲುಗಿತು, ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಅವನ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ನಡುಗುತ್ತಿತ್ತು. ತನಗಿಂತ ಹೆಚ್ಚು ಹೆದರಿದ ಮನುಷ್ಯನನ್ನು ಗುರುಸಿದ್ದ ಅವತ್ತೇ ಮೊದಲು ನೋಡಿದ್ದು.

"ಹೂಂ," ಎಂದು ಅವನೇ ಅಂದ. ಅಂದು ಒತ್ತಿದ.

ವಿಂಡೋಸ್ ಕೂತುಕೊಳ್ಳುವವರೆಗೆ ಇಬ್ಬರೂ ಪರದೆ ಬಿಟ್ಟು ಅಲ್ಲಾಡಲಿಲ್ಲ. ಮಂಗಮ್ಮ ನೋಡಲಾರದೆ ಅಡುಗೆಮನೆ ಸೇರಿಕೊಂಡು ಪಾತ್ರೆ ತಿಕ್ಕುತ್ತಿದ್ದರು. ಕೊನೆಗೆ ಗುರುಸಿದ್ದ ಡಿ ತೆರೆದ. ಸಿನಿಮಾ ಹಾಡುಗಳು, ಟೆಂಪೊ ಫೋಟೊಗಳು, ಅವುಗಳ ಕೆಳಗೆ 'ಅಪ್ಪ' ಎಂದು ಇಂಗ್ಲಿಷಿನಲ್ಲಿ ಬರೆದ ಒಂದು ಫೋಲ್ಡರು. ಅದರಲ್ಲಿದ್ದ ಮೊದಲ ಹಾಡನ್ನು ಒತ್ತಿದ.

ಸ್ಪೀಕರಿನಲ್ಲಿ ಮೊದಲು ಗೊರಗೊರ, ಮೈಕು ಸರಿಮಾಡಿದ ಸದ್ದು. ಆಮೇಲೆ ಮನೆಯೆಲ್ಲ ತುಂಬುವ ಗಂಡು ದನಿ: "ಲೇ ಮಂಗಿ, ಬಾಗ್ಲು ಹಾಕೇ. ರೋಡಿನ ಸದ್ದು ಬತ್ತೈತೆ."

"ಬಂದೆ ಕಣ್ರೀ," ಎಂದರು ಮಂಗಮ್ಮ ಒಳಗಿನಿಂದ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಬೀದಿ ಬಾಗಿಲು ಹಾಕಿದರು. ಹಾಕಿ, ಚಿಲಕದ ಮೇಲಿನ ಕೈ ತೆಗೆಯದೆ ಹಾಗೇ ನಿಂತುಬಿಟ್ಟರು.