ನೂರನ್ನು ನಲವತ್ತು ಮಾಡಿದ್ದು

ಮೊಮ್ಮಗಳ ವಿಮಾನ ಗಾಳಿಗೆ ಬೀಳಲಿಲ್ಲ. ಯಾರ ಕಣ್ಣೂ ಅದಕ್ಕೆ ತಾಗಲಿಲ್ಲ. ನನ್ನ ಮಗ ಹೇಳದೆ ಕೇಳದೆ ಅವಳ ರಿಮೋಟಿಗೆ ಕೈ ಹಾಕಿದ, ಅದಕ್ಕೇ ಬಿತ್ತು. ಮಿಕ್ಕಿದ್ದೆಲ್ಲ ಸುಳ್ಳು.

ಹುಡುಗಿ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಇಂಜಿನಿಯರಿಂಗ್ ಓದುತ್ತಾಳೆ. ಥರ್ಮೋಕೋಲು ಕೊಯ್ದು, ಅಂಟಿಸಿ, ಬ್ಯಾಟರಿ ಕೂರಿಸಿ ವಿಮಾನವನ್ನು ತಾನೇ ಮಾಡಿದಳು. ಮುಂದಿನ ವಾರ ಮೇಷ್ಟರ ಎದುರು ಅದನ್ನು ಹಾರಿಸಿ ತೋರಿಸಿದರೆ ಬೇರೆ ಊರಿನ ಪಂದ್ಯಕ್ಕೆ ಹೋಗುವ ಗುಂಪಿನಲ್ಲಿ ಅವಳಿಗೂ ಜಾಗ. ಅದೊಂದೇ ಅವಳ ತಲೆಯಲ್ಲಿತ್ತು.

ಬೆಳಿಗ್ಗೆ ಜಗಲಿಯಲ್ಲಿ ಕೂತು ರಿಮೋಟಿನಲ್ಲಿ ಅದೇನೋ ಅಂಕಿ ತುಂಬುತ್ತಿದ್ದಳು. ವಿಮಾನದ ಬಾಲ ಹಿಡಿದುಕೊಳ್ಳುವ ಕೆಲಸ ನನ್ನದು.

"ಈ ಕಡ್ಡಿನ ನಾನು ಪೂರ್ತಿ ಎಳುದ್ರೆ ರೆಕ್ಕೆ ಹಿಂದಿನ ಪಟ್ಟಿ ಎಷ್ಟು ತಿರುಗ್ಬೇಕು ಅಂತ ಮೊದ್ಲೇ ಹೇಳಿಡೋದು ಕಣಜ್ಜಿ. ರೇಟು ಅಂತಾರೆ."

"ಹಸಾ ಕಟ್ಟೋ ಹಗ್ಗ ಎಷ್ಟುದ್ದ ಬಿಡ್ಬೇಕು ಅಂತ ನೋಡಲ್ವಾ, ಅಂಗಾ?"

"ಅಂಗೇ. ನಮ್ ಹೊಲ ಚಿಕ್ದು, ಸುತ್ತ ತೆಂಗು. ಬಿರ್ರನೆ ತಿರುಗ್ಬೇಕು. ಅದಕ್ಕೆ ನೂರು ಇಟ್ಟಿವ್ನಿ."

ಅಷ್ಟು ಹೇಳಿ ಸ್ನಾನಕ್ಕೆ ಹೋದಳು. ನಾನು ಕಸ ಹೊಡೆದು ಬರುವಷ್ಟರಲ್ಲಿ ಮಗ ರಿಮೋಟು ಹಿಡಿದು ಗುಂಡಿ ಒತ್ತುತ್ತಿದ್ದ.

"ಏನ್ಲಾ ಅದು?"

"ನೂರಕ್ಕೆ ನೂರು ಓಡುಸ್ತಾಳಂತೆ ಕಣವ್ವ. ಮೋಟ್ರು ಸುಟ್ಟೋಗಲ್ವಾ? ನಲವತ್ತು ಮಾಡಿವ್ನಿ, ಸಾಕು."

ಬೋರ್‌ವೆಲ್ಲಿನ ಮೋಟಾರು ಸುಟ್ಟು, ಪೈಪೆಲ್ಲ ಮೇಲೆತ್ತಿ, ಬೇಸಿಗೆಯಲ್ಲಿ ತೋಟ ಒಣಗುವುದನ್ನು ನೋಡಿದವನು ಅವನು. ಆಮೇಲಿಂದ ಮನೆಯಲ್ಲಿ ಮಿಕ್ಸಿಯನ್ನೂ ಜೋರಾಗಿ ತಿರುಗಿಸಲು ಬಿಡುವುದಿಲ್ಲ. ಈ ಸೀಮೆಯ ಗಂಡಸರಿಗೆ ಎಲ್ಲ ಅಂಕಿಯೂ ಮೋಟಾರಿನದೇ. ಅದು ಹುಡುಗಿ ಹೇಳಿದ ಆ ರೇಟಿನ ಅಂಕಿ ಎಂದು ನನಗೂ ಆಗ ಹೊಳೆಯಲಿಲ್ಲ.

ರಾಗಿ ಕೊಯ್ದ ಹೊಲದಲ್ಲಿ ಹಾರಿಸಿದಳು, ನಾನೂ ಮಗನೂ ಬದುವಿನ ಮೇಲೆ ನಿಂತಿದ್ದೆವು. ಪಟ್ಟಿಗಳು ಆ ಕಡೆ ಈ ಕಡೆ ಅಲ್ಲಾಡುತ್ತವೆಯೇ ಎಂದು ನೋಡಿಕೊಂಡಳು, ಅಲ್ಲಾಡಿದವು. ಎಷ್ಟು ಎಂದು ನೋಡಲಿಲ್ಲ, ತಾನೇ ಇಟ್ಟ ಅಂಕಿಯಲ್ಲವೇ. ವಿಮಾನ ಚೆನ್ನಾಗಿಯೇ ಏರಿತು. ತಿರುಗಬೇಕಾದ ಕಡೆ ಮಾತ್ರ ಹೇರು ತುಂಬಿದ ಗಾಡಿಯ ಹಾಗೆ ಅಗಲಕ್ಕೆ ಹೋಗಿ, ತೆಂಗಿನ ಗರಿಗೆ ಬಡಿದು ಪಾತಿಯೊಳಗೆ ಬಿತ್ತು. ಮೂತಿ ಕಿತ್ತುಹೋಗಿತ್ತು, ಒಂದು ರೆಕ್ಕೆ ಎರಡಾಗಿತ್ತು.

"ಪೂರ್ತಿ ಎಳ್ದೆ ಅಜ್ಜಿ. ತಿರುಗ್ಲೇ ಇಲ್ಲ," ಅಂದಳು. ಅತ್ತಿದ್ದರೆ ವಾಸಿಯಿತ್ತು, ಅಳಲಿಲ್ಲ. ನನಗೆ ಆಗಲೇ ಗೊತ್ತಾಯಿತು, ಹಗ್ಗ ಗಿಡ್ಡ ಮಾಡಿದವನು ಯಾರು ಎಂದು. ಅವನಿಗೂ ಗೊತ್ತಾಗಿತ್ತು, ಮುಖ ಹೇಳುತ್ತಿತ್ತು.

ಸಂಜೆ ಅವಳು ರಿಮೋಟನ್ನು ಟ್ರಂಕಿಗೆ ಹಾಕಿದಳು. "ನನ್ ಕೈಯೇ ಸರಿ ಇಲ್ಲ. ಬೇರೆಯೋರ್ನ ಹಾಕ್ಕೊಳ್ಳಿ ಅಂತ ಸರ್‌ಗೆ ಹೇಳ್ಬುಡ್ತೀನಿ."

ಕೊಟ್ಟಿಗೆಯ ಪಕ್ಕ ಕಾಯಿ ಸುಲಿಯುತ್ತಿದ್ದ ಮಗ ತಲೆ ಎತ್ತದೆ, "ಗಾಳಿ ಜಾಸ್ತಿ ಇತ್ತು, ಬುಡು ಮಗ," ಅಂದ.

ಆ ದಿನ ಒಂದು ಗರಿಯೂ ಅಲ್ಲಾಡಿರಲಿಲ್ಲ.

ಇವನ ಅಪ್ಪ, ನನ್ನ ಯಜಮಾನರೂ ಹೀಗೇ ಇದ್ದರು. ಒಳ್ಳೆಯದಕ್ಕೆಂದು ಏನೋ ಮಾಡುವುದು, ಕೆಟ್ಟರೆ ಬಾಯಿ ಹೊಲಿದುಕೊಂಡು ಕೂರುವುದು. ಅವರ ಬಾಯಿ ಬಿಡಿಸಿ ಬಿಡಿಸಿಯೇ ನನ್ನ ಆಯುಸ್ಸು ಅರ್ಧ ಸವೆಯಿತು. ಮಗನದ್ದನ್ನೂ ಬಿಡಿಸುವಷ್ಟು ತ್ರಾಣ ನನ್ನಲ್ಲಿಲ್ಲ, ತಾನೇ ಹೇಳಲಿ ಎಂದು ಕಾದೆ. ಅವನು ಉಂಡು ಮಲಗಿದ. ಮೊಮ್ಮಗಳು ಉಣ್ಣಲಿಲ್ಲ.

ಮಾರನೇ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಟ್ರಂಕಿನಿಂದ ರಿಮೋಟು ತೆಗೆದು, ಮೊಮ್ಮಗಳನ್ನು ಎಬ್ಬಿಸಿ ಕೂರಿಸಿ, ಅವಳ ಎದುರಿಗೇ ಅದನ್ನು ಮಗನ ಕೈಗೆ ಕೊಟ್ಟೆ.

"ಎಷ್ಟಿತ್ತು, ಎಷ್ಟು ಮಾಡ್ದೆ, ಹೇಳ್ಲಾ."

"ಅವ್ವಾ, ಹಾಲು ಕರೀಬೇಕು..."

"ಹಸಾ ಎಲ್ಲೂ ಹೋಗಲ್ಲ. ಹೇಳು."

ಹೇಳಿದ. ನೆಲ ನೋಡಿಕೊಂಡು ಹೇಳಿದ. ಅವಳು ರಿಮೋಟು ಕಿತ್ತುಕೊಂಡು ಅಂಕಿ ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಗೋಂದು ಎಲ್ಲಿಟ್ಟಿದೀಯ?" ಅಂದಳು.

ಗೋಂದು ಕೊಟ್ಟೆ. ಒಲೆ ಹಚ್ಚಿ ಅವಳಿಗೆ ರಾಗಿರೊಟ್ಟಿ ತಟ್ಟಿದೆ.