ಕೊಳ್ಳುವವರಿಲ್ಲದ ಕೂಟ

ಡೆಟ್ರಾಯ್ಟಿನ ಕರಿಯರ ಚರ್ಚಿನಲ್ಲಿ ವರ್ಷಕ್ಕೊಮ್ಮೆ ತಮ್ಮವರ ಸಣ್ಣ ವ್ಯಾಪಾರಕ್ಕೆ ಒತ್ತಾಸೆಯಾಗುವ ಕೂಟ ನಡೆಯುತ್ತದೆ. ವರ್ಲೀನ್ ತಾನೇ ಮಾಡಿದ ಪೀಚ್ ಜಾಮನ್ನು ಹೊತ್ತುಕೊಂಡು ತಪ್ಪದೆ ಹೋಗುತ್ತಾಳೆ. ಬರುವವರೆಲ್ಲ ಅವಳಂತೆ ಮಾರುವವರೇ. ರುಚಿ ನೋಡಿ, ಹೊಗಳಿ, ಅಪ್ಪಿಕೊಂಡು ಹೋಗುತ್ತಾರೆ. ಈ ಸಲ ದೊಡ್ಡ ಅಂಗಡಿಯವರು ಬರುತ್ತಾರೆಂದು ತಿಳಿದು, ಅವರ ಕಪಾಟಿನಲ್ಲಿ ಜಾಮಿಗೊಂದು ಜಾಗ ಸಿಕ್ಕೀತೆಂದು ಭಾನುವಾರದ ಪ್ರಾರ್ಥನೆಗೆಂದೇ ಇಟ್ಟಿದ್ದ ಚೆಂದದ ಟೋಪಿ ತೊಟ್ಟು ನಿಂತಿದ್ದಳು.

"ಏನಕ್ಕಾ, ಮದುವಣಗಿತ್ತಿ ಥರಾ ನಿಂತಿದ್ದೀಯ?" ಪಕ್ಕದ ಮೇಜಿನಲ್ಲಿ ಸೋಪು ಮಾರುವ ಓಥಾ ರೇಗಿಸಿದ.

"ಸುಮ್ನಿರೋ, ನನ್ನ ಜಾಮು ಒಪ್ಪಿದ್ರೆ ನಿನ್ನ ಸೋಪಿಗೂ ಹೇಳ್ತೀನಿ."

ಅಂಗಡಿಯವನು ಬಂದ. ಅವಳ ಹೆಗಲ ಮೇಲೆ ಕೈಯಿಟ್ಟು, ಬಾಟಲಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡ.

"ಎಷ್ಟು ಬಾಟಲಿ ಕಳಿಸ್ಲಿ ಸರ್?"

"ಅಯ್ಯೋ, ನಾನು ಪ್ರಚಾರದವನಮ್ಮಾ," ಎಂದು ನಕ್ಕ. "ಖರೀದಿಯವರು ಇಂಥ ಕಡೆಗೆಲ್ಲ ಬರಲ್ಲ."

ವರ್ಲೀನ್ ಬಾಟಲಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.