ಜಯಮಾಲಾ ಸಹಿ ಮಾಡಿದ ತೂಕ

ಹುಮನಾಬಾದಿನ ಹೆದ್ದಾರಿ ಪಕ್ಕದಲ್ಲಿ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲಿನ ಮಹಡಿಯಲ್ಲಿ, ಸಕ್ಕರೆ ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದಿದೆ. ಅಲ್ಲಿ ಹನ್ನೊಂದು ಜನ. ಹತ್ತು ಜನ ಮಾಡುತ್ತಾರೆ, ಇಲ್ಲವೆ ಮಾರುತ್ತಾರೆ. ಮಾಡಿದ್ದು ಸರಿಯಾಗಿದೆಯೇ ಎಂದು ನೋಡುವವಳು ಒಬ್ಬಳೇ. ಅವಳು ಜಯಮಾಲಾ. ಬಸವಕಲ್ಯಾಣದಿಂದ ದಿನಾ ಬೆಳಗಿನ ಎಂಟರ ಬಸ್ಸಿಗೆ ಹೊರಟು ಸಸ್ತಾಪುರ ಬಂಗ್ಲಾ ದಾಟಿ ಬರುತ್ತಾಳೆ, ಸಂಜೆ ಆರಕ್ಕೆ ಮರಳುತ್ತಾಳೆ. ಹೀಗೆ ಒಂಬತ್ತು ವರ್ಷ. ಸೇರಿದಾಗ ಟೆಸ್ಟರ್ ಆಗಿದ್ದಳು, ಒಂಬತ್ತು ವರ್ಷದ ನಂತರವೂ ಟೆಸ್ಟರ್ ಆಗಿಯೇ ಇದ್ದಳು.

ಮದುವೆಯಾದ ಹೊಸದರಲ್ಲಿ ಅತ್ತೆ ಕೇಶರಬಾಯಿ ಸೊಸೆಯ ಕೆಲಸವೇನೆಂದು ವಿಚಾರಿಸಿದ್ದರು. ಜಯಮಾಲಾ ತಿಳಿಯುವಂತೆ ಹೇಳಿದಳು. ಅವರು ಹಸನು ಮಾಡುತ್ತಿದ್ದ ತೊಗರಿಬೇಳೆಯ ಮೊರ ಕೆಳಗಿಟ್ಟರು.

"ಮಂದಿ ಮಾಡಿದ ಕೆಲಸದಾಗ ತಪ್ಪ ಹುಡುಕೂದಕ್ಕ ಪಗಾರ ಕೊಡ್ತಾರ? ನಾ ನಲವತ್ತ ವರ್ಷದಿಂದ ಈ ಮನ್ಯಾಗ ಪುಕ್ಕಟೆ ಮಾಡಾಕತ್ತೇನಿ."

ಜಯಮಾಲಾ ನಕ್ಕಳು. ಮನೆಯಲ್ಲಿ ಅದು ನಗುವ ಮಾತೇ. ಕಚೇರಿಯಲ್ಲಿ ಅದನ್ನೇ ನಗದೆ ನಂಬಿಕೊಂಡಿದ್ದರು. ಪ್ರೋಗ್ರಾಮ್ ಬರೆಯುವವನು ಹುಟ್ಟಿಸುವವನು, ಅದರಲ್ಲಿ ದೋಷ ಹಿಡಿಯುವವಳು ಅಡ್ಡಗಾಲು ಹಾಕುವವಳು. ಆರು ವರ್ಷದ ಹಿಂದೆ ಬಸವಕಿರಣ ಎಂಬ ಹುಡುಗ ಕಲಿಯಲು ಬಂದ. ಕಬ್ಬು ನೋಂದಣಿಯ ಫಾರ್ಮ್ ಹೇಗೆ ಓದಬೇಕೆಂದು ಕೂಡ ಅವನಿಗೆ ಗೊತ್ತಿರಲಿಲ್ಲ, ಜಯಮಾಲಾ ಕಲಿಸಿದಳು. ಈಗ ಅವನು ಪ್ರೋಗ್ರಾಮ್ ಬರೆಯುವವರ ಮುಖ್ಯಸ್ಥ. ಅವಳು ಹಿಡಿದ ದೋಷ ದೋಷ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಅವನದು.

ಮಾಲೀಕ ಧನರಾಜ ಕೆಟ್ಟವನಲ್ಲ. ಮಾತು ಕೊಡುವುದರಲ್ಲಿ ಉದಾರಿ. ಪ್ರತಿ ವರ್ಷ, "ಈ ಹಂಗಾಮ ಮುಗೀಲಿ ಮೇಡಂ, ನಿಮ್ದು ಮಾಡ್ತೀನಿ" ಎನ್ನುತ್ತಿದ್ದ. ಕಬ್ಬು ಅರೆಯುವ ಹಂಗಾಮು ಮುಗಿದು ಇನ್ನೊಂದು ಬರುತ್ತಿತ್ತು. ಮೂವತ್ತನಾಲ್ಕು ತುಂಬಿದ ಜಯಮಾಲಾಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಹುದ್ದೆಯ ಹೆಸರು ಬದಲಾಗದ ಒಂಬತ್ತು ವರ್ಷವನ್ನು ಹೊರಗಿನ ಯಾವ ಕಂಪನಿಯೂ ಅನುಭವವೆಂದು ಎಣಿಸುವುದಿಲ್ಲ, ನಿಂತ ನೀರು ಎನ್ನುತ್ತದೆ. ಹೆಸರಿನ ಕೆಳಗೆ 'ಮುಖ್ಯಸ್ಥೆ' ಎಂಬ ಒಂದು ಪದ ಬೇಕಿತ್ತು. ಈ ಸಲ ಧನರಾಜ ಗಡುವು ಸಹಿತ ಹೇಳಿದ: ರಾಜ್ಯದ ಗಡಿಯಾಚೆ ಹೊಸದಾಗಿ ಎದ್ದ ಕಾರ್ಖಾನೆಯ ತೂಕದ ಸಾಫ್ಟ್‌ವೇರ್ ಶುರುವಾದ ದಿನವೇ ಆ ಹುದ್ದೆ.

ಆ ಸಾಫ್ಟ್‌ವೇರಿನ ಹೆಚ್ಚುಗಾರಿಕೆ ಇಷ್ಟೇ. ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಅದರ ಟ್ರಾಲಿ ಸಹಿತ ಒಮ್ಮೆ ತೂಗಿ, ಕಬ್ಬು ಇಳಿಸಿದ ಮೇಲೆ ಬರಿಗಾಡಿಯನ್ನು ಮತ್ತೊಮ್ಮೆ ತೂಗುವುದು ಎಲ್ಲ ಕಡೆಯ ಪದ್ಧತಿ. ಎರಡು ಸಲ ತೂಗುವುದರಿಂದ ಗಾಡಿ ತೂಗುವ ಕಾಟಾದ ಮುಂದೆ ಗಾಡಿಗಳ ಸಾಲು ಹನುಮಂತನ ಬಾಲವಾಗುತ್ತದೆ. ಧನರಾಜನ ಉಪಾಯವೆಂದರೆ, ಬರಿಗಾಡಿಯನ್ನು ಹಂಗಾಮಿನ ಮೊದಲು ಒಂದೇ ಸಲ ತೂಗಿ, ಆ ತೂಕವನ್ನು ಟ್ರ್ಯಾಕ್ಟರಿನ ನಂಬರಿನ ಮುಂದೆ ಕಂಪ್ಯೂಟರಿನಲ್ಲಿ ಇಟ್ಟುಬಿಡುವುದು. ಆಮೇಲೆ ತುಂಬಿದ ಗಾಡಿ ತೂಗಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರ್ ಕಳೆಯುತ್ತದೆ.

ಕಚೇರಿಯಲ್ಲಿ ಕೂತು ನೋಡಿದರೆ ಎಲ್ಲ ಸರಿಯಾಗಿತ್ತು. ಆದರೆ ಕಾರ್ಖಾನೆ ಪ್ರಾಯೋಗಿಕವಾಗಿ ಒಂದು ವಾರ ಕಬ್ಬು ಅರೆದಾಗ ಜಯಮಾಲಾ ಯಾರೂ ಹೇಳದೆ ಅಲ್ಲಿಗೆ ಹೋದಳು. ಕಾಟಾದ ಪಕ್ಕದ ಚಹಾ ಅಂಗಡಿಯಲ್ಲಿ ನೋಟುಬುಕ್ ಹಿಡಿದು ಎರಡು ದಿನ ಕೂತಳು. ನಿರ್ಣಾದ ಪಂಡರಿ ಎಂಬ ಚಾಲಕ ಬೆಳಗ್ಗೆ ಕೆಂಪು ಟ್ರಾಲಿ ಎಳೆದು ತಂದಿದ್ದ, ಮಧ್ಯಾಹ್ನ ಅವನ ಟ್ರ್ಯಾಕ್ಟರಿನ ಹಿಂದೆ ನೀಲಿ ಟ್ರಾಲಿ ಇತ್ತು.

"ಅಣ್ಣಾ, ಕೆಂಪು ಟ್ರಾಲಿ ಎಲ್ಲದ?" ಎಂದು ಕೇಳಿದಳು.

"ಹೊಲದಾಗ ಅದ ರೀ ಬಾಯಾರ. ಕಬ್ಬ ಕಡಿಯೂ ಗ್ಯಾಂಗಿನವ್ರು ತುಂಬಾಕತ್ತಾರ. ಅದು ತುಂಬೋತನಕ ನಾ ಅಲ್ಲೇ ಕೂತ್ರ ದಿನಕ್ಕ ಒಂದ ಟ್ರಿಪ್ಪು. ಇದು ನಮ್ಮ ಹೆಣ್ತಿ ಅಣ್ಣಂದು."

"ಎಲ್ಲಾರೂ ಹಿಂಗ ಬದಲಿ ಮಾಡ್ತಾರೇನ್ರಿ?"

"ಮತ್ತ? ಟ್ರಾಲಿ ಅಂದ್ರ ಮದುವಿ ಮನಿ ಪಾತೇಲಿ ಇದ್ದಂಗ. ಯಾರ ಮನ್ಯಾಗ ಲಗ್ನ ಅದನೋ ಅಲ್ಲಿ ಇರ್ತದ."

"ಎರಡೂ ಒಂದ ತೂಕ ಏನು?"

ಪಂಡರಿ ಅವಳ ನೋಟುಬುಕ್ಕನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಇಷ್ಟ ಸಾಲಿ ಕಲ್ತು ಇದನ್ನ ಕೇಳ್ತೀರಲ್ರಿ. ಕೆಂಪುದು ಹಳೀ ಕಬ್ಬಿಣ, ಎಮ್ಮಿ. ಇದು ಕರ. ನಾಕ ಕ್ವಿಂಟಲ್ ಫರಕ್ ಅದ."

ಅಂದರೆ ಕಂಪ್ಯೂಟರಿನಲ್ಲಿ ಎಮ್ಮೆಯ ತೂಕವಿದ್ದು ಕರು ಬಂದರೆ, ಪ್ರತಿ ಸಲವೂ ರೈತನ ನಾಲ್ಕು ಕ್ವಿಂಟಲ್ ಕಬ್ಬು ಗಾಳಿಗೆ ಹೋಗುತ್ತದೆ. ಕರುವಿನ ತೂಕವಿದ್ದು ಎಮ್ಮೆ ಬಂದರೆ ಕಾರ್ಖಾನೆ ಕಬ್ಬಿಣವನ್ನು ಕಬ್ಬೆಂದು ಕೊಳ್ಳುತ್ತದೆ. ಒಂಬತ್ತು ವರ್ಷದಲ್ಲಿ ಅವಳು ಹಿಡಿದ ದೋಷಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿರಲಿಲ್ಲ. ಹುಮನಾಬಾದಿಗೆ ಮರಳಿ, ಕಚೇರಿಯ ದೋಷಗಳ ಪಟ್ಟಿಯಲ್ಲಿ ಅದನ್ನು ಇಪ್ಪತ್ತೇಳನೆಯದಾಗಿ ದಾಖಲಿಸಿದಳು. ಪರಿಹಾರವನ್ನೂ ಬರೆದಳು: ಟ್ರಾಲಿಗಳಿಗೇ ನಂಬರು ಕೊಡಬೇಕು, ತೂಕವನ್ನು ಆ ನಂಬರಿನ ಮುಂದೆ ಇಡಬೇಕು.

ಮರುದಿನ ಇಪ್ಪತ್ತೇಳರ ಮುಂದೆ ಬಸವಕಿರಣನ ಷರಾ ಇತ್ತು: 'ಬಳಕೆದಾರರು ಹೀಗೆ ಮಾಡುವುದಿಲ್ಲ. ಮುಚ್ಚಲಾಗಿದೆ.'

ಅವಳು ಅವನ ಮೇಜಿಗೆ ಹೋದಳು. "ಮಾಡ್ತಾರ. ನಾ ಕಣ್ಣಲೆ ನೋಡಿ ಬಂದೀನಿ."

"ಅಕ್ಕಾ, ಟ್ರಾಲಿ ಬದಲಿ ಮಾಡಬಾರದು ಅಂತ ಗೇಟಿಗೊಂದು ಬೋರ್ಡ್ ಹಚ್ಚಿದ್ರ ಆತು."

"ಬೋರ್ಡ್ ಓದಿ ಟ್ರಾಲಿ ತೂಕ ಇಳಿಸ್ಕೋತದೇನು?"

ಸುತ್ತಲಿನವರು ನಕ್ಕರು. ಬಸವಕಿರಣನೂ ನಕ್ಕ. "ನೀವು ಬಿಟ್ರ ದೇವರ ಗುಡ್ಯಾಗೂ ಬಗ್ ಹುಡುಕ್ತೀರಿ. ಸೋಮವಾರ ಕಾರ್ಖಾನಿ ಶುರು ಮಾಡೂ ಪೂಜಾ ಅದ. ಇದನ್ನ ಬದಲಿ ಮಾಡಾಕ ಎರಡ ವಾರ ಬೇಕು. ಎಲ್ಲಿಂದ ತರ್ಲಿ?"

ಶುಕ್ರವಾರ ಧನರಾಜ ಅವಳನ್ನು ಒಳಗೆ ಕರೆದ. ಮೇಜಿನ ಮೇಲೆ ಎರಡು ಕಾಗದಗಳಿದ್ದವು. ಒಂದರಲ್ಲಿ, ತೂಕದ ಸಾಫ್ಟ್‌ವೇರನ್ನು ಪರೀಕ್ಷಿಸಲಾಗಿದೆ, ಬಳಕೆಗೆ ಯೋಗ್ಯವಾಗಿದೆ ಎಂದಿತ್ತು. ಇನ್ನೊಂದು ಸೋಮವಾರದಿಂದ ಜಾರಿಯಾಗುವ ಅವಳ ನೇಮಕದ ಪತ್ರ. ಎರಡರಲ್ಲೂ ಅವಳ ಹೆಸರಿನ ಕೆಳಗೆ 'ಮುಖ್ಯಸ್ಥೆ, ಪರೀಕ್ಷಾ ವಿಭಾಗ' ಎಂದು ಅಚ್ಚಾಗಿತ್ತು. ಆ ವಿಭಾಗದಲ್ಲಿ ಅವಳ ಹೊರತು ಯಾರೂ ಇರಲಿಲ್ಲ.

"ಟ್ರಾಲಿದು ಒಂದು ಉಳಿದದ ರೀ ಸರ್," ಎಂದಳು.

"ಬಸವಕಿರಣ ಹೇಳ್ಯಾನ. ಒಂದ ಟ್ರಾಲಿ ಸಲುವಾಗಿ ಕಾರ್ಖಾನಿ ನಿಲ್ಲಸ್ತೀರೇನು ಮೇಡಂ? ಬರೂ ತಿಂಗಳ ಮಾಡಸ್ತೀನಿ. ನನ್ನ ಮಾತು."

"ಹಂಗಾದ್ರ ಆ ದೋಷ ಅದ ಅಂತ ಕೆಳಗ ಒಂದು ಸಾಲ ಬರೀತೀನ್ರಿ."

ಧನರಾಜ ಸಿಟ್ಟಾಗಲಿಲ್ಲ. "ಲಗ್ನಪತ್ರಿಕ್ಯಾಗ ಹುಡುಗನ ಬ್ಯಾನಿ ಬರೀತಾರೇನ್ರಿ? ಬರದ್ರ ಅದು ಪತ್ರಿಕಿ ಹ್ಯಾಂಗ ಆಗ್ತದ? ನೋಡ್ರಿ, ಇವತ್ತ ಆಗ್ಲಿಲ್ಲಂದ್ರ ನಿಮ್ದೂ ಮುಂದಿನ ವರ್ಷಕ್ಕ ಹೋಗ್ತದ."

ಅವಳು ಸಹಿ ಮಾಡಿದಳು. ಯಾರೂ ಕೈ ಹಿಡಿದು ಮಾಡಿಸಲಿಲ್ಲ. ಅದು ತಪ್ಪೆಂದು ಅವಳಿಗೆ ತಿಳಿದಿತ್ತು; ಆ ಕಟ್ಟಡದಲ್ಲಿ ಅಷ್ಟು ಚೆನ್ನಾಗಿ ತಿಳಿದವಳು ಅವಳೊಬ್ಬಳೇ. ಅಚ್ಚಾದ ಆ ಪದವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೇ. ಸಂಜೆಯ ಬಸ್ಸಿನಲ್ಲಿ ನೇಮಕದ ಪತ್ರವನ್ನು ಮೂರು ಸಲ ತೆಗೆದು ಓದಿದಳು. ಮನೆಯಲ್ಲಿ ಕೇಶರಬಾಯಿ ಸಿಹಿಯೆಂದು ಸಿರಾ ಮಾಡಿದರು.

ಸೋಮವಾರ ತೂಕ ಶುರುವಾಯಿತು. ಗಾಡಿಗಳ ಸಾಲು ಅರ್ಧಕ್ಕಿಳಿಯಿತು, ಧನರಾಜನಿಗೆ ಶಾಲು ಹೊದಿಸಿದರು. ಆರನೆಯ ದಿನ ರೈತನೊಬ್ಬ ದಾರಿಯಲ್ಲಿ ಬೇರೆ ಕಾಟಾದಲ್ಲಿ ಕಬ್ಬು ತೂಗಿಸಿಕೊಂಡು ಬಂದು ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟ: ಕಾರ್ಖಾನೆಯ ಚೀಟಿಯಲ್ಲಿ ನಾಲ್ಕು ಕ್ವಿಂಟಲ್ ಕಡಿಮೆಯಿತ್ತು. ಮಧ್ಯಾಹ್ನದ ಹೊತ್ತಿಗೆ ಐವತ್ತು ಜನ ಕಾಟಾದ ಮೇಲೆಯೇ ಕೂತುಬಿಟ್ಟಿದ್ದರು. ಧನರಾಜ ಬಸವಕಿರಣನನ್ನೂ ಜಯಮಾಲಾಳನ್ನೂ ಕಾರಿನಲ್ಲಿ ಹಾಕಿಕೊಂಡು ಓಡಿದ.

ಕಾರ್ಖಾನೆಯ ಮ್ಯಾನೇಜರ್ ಮಹಾರುದ್ರಪ್ಪ ಅರವತ್ತರ ಮನುಷ್ಯ, ದನಿ ಏರಿಸುವವರಲ್ಲ. "ಇದನ್ನ ಚೆಕ್ ಮಾಡಿದವ್ರು ಯಾರು?" ಎಂದಷ್ಟೇ ಕೇಳಿದರು.

ಧನರಾಜ ಸಹಿಯ ಕಾಗದವನ್ನು ಅವರ ಮುಂದಿಟ್ಟ. "ನಮ್ಮ ಟೆಸ್ಟಿಂಗ್ ಮುಖ್ಯಸ್ಥರು ರೀ. ಇವರ."

ಮಹಾರುದ್ರಪ್ಪ ಕಾಗದ ಓದಿ ಅವಳ ಕಡೆ ತಿರುಗಿದರು. "ತಂಗಿ, ಟ್ರಾಲಿ ಬದಲಿ ಆಗ್ತಾವಂತ ನಮ್ಮ ದನ ಕಾಯುವವ್ರಿಗೂ ಗೊತ್ತದ. ನಿಮಗ ಕಾಣಲಿಲ್ಲೇನು?"

ಕಂಡಿತ್ತು ಎಂದರೆ, ಮತ್ತೇಕೆ ಸಹಿ ಮಾಡಿದಿರಿ ಎನ್ನುತ್ತಾರೆ. ಕಾಣಲಿಲ್ಲ ಎಂದರೆ, ನೀವೇಕೆ ಇದ್ದೀರಿ ಎನ್ನುತ್ತಾರೆ. ಮೊದಲನೆಯದು ವಂಚನೆ, ಎರಡನೆಯದು ದಡ್ಡತನ. ಜಯಮಾಲಾ ಧನರಾಜನನ್ನು ನೋಡಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ.

"ಕಾಣಲಿಲ್ರಿ," ಎಂದಳು.

ಎರಡು ವಾರ ಬೇಕಿದ್ದ ಕೆಲಸವನ್ನು ಬಸವಕಿರಣ ಮೂರು ದಿನದಲ್ಲಿ ಮುಗಿಸಿದ. ಮಹಾರುದ್ರಪ್ಪನವರು ಅವನ ಬೆನ್ನು ತಟ್ಟಿದರು. ಟ್ರಾಲಿಗಳಿಗೇ ನಂಬರು ಕೊಡಬೇಕು, ತೂಕವನ್ನು ಆ ನಂಬರಿನ ಮುಂದೆ ಇಡಬೇಕು: ಪಟ್ಟಿಯಲ್ಲಿ ಅದು ಅರವತ್ತೊಂದನೆಯ ದೋಷವಾಗಿ ಹೊಸದಾಗಿ ದಾಖಲಾಯಿತು. ಕಂಡುಹಿಡಿದವರು ಎಂಬ ಕಡೆಯೂ ಸರಿಪಡಿಸಿದವರು ಎಂಬ ಕಡೆಯೂ ಅವನ ಹೆಸರೇ ಇತ್ತು. ಜಯಮಾಲಾ ಜಗಳವಾಡಲಿಲ್ಲ. ಜಗಳವಾಡಲು ಕೈಯಲ್ಲಿದ್ದದ್ದು ಇಪ್ಪತ್ತೇಳನೆಯ ದಾಖಲೆಯೊಂದೇ. ಅದು ಅವಳ ಜಾಣತನಕ್ಕೆ ಸಾಕ್ಷಿ ಹೇಳುವ ಮೊದಲು ಅವಳ ಸುಳ್ಳಿಗೆ ಸಾಕ್ಷಿ ಹೇಳುತ್ತಿತ್ತು. ಒಂದು ದಿನ ಎಲ್ಲರೂ ಊಟಕ್ಕೆ ಎದ್ದಾಗ ಅದನ್ನು ಅವಳೇ ಅಳಿಸಿದಳು.

ಫೆಬ್ರವರಿಯಲ್ಲಿ ಧನರಾಜ ಪರೀಕ್ಷಾ ವಿಭಾಗವನ್ನು ಮುಚ್ಚಿದ. ಇನ್ನು ಮುಂದೆ ಬರೆದವರೇ ನೋಡಿಕೊಳ್ಳಲಿ ಎಂದ. ಅವಳನ್ನು ತೆಗೆಯಲಿಲ್ಲ, ಕಾರ್ಖಾನೆಗಳಿಂದ ಬರುವ ದೂರಿನ ಫೋನ್ ಎತ್ತಲು ಕೂರಿಸಿದ. "ಪದವಿ ಹಂಗ ಇರ್ಲಿ ಮೇಡಂ, ಅದನ್ನೇನ ತಗಿಯೂದಿಲ್ಲ" ಎಂದೂ ಹೇಳಿದ.

ಆ ಪದವಿಯನ್ನು ಬರೆದೇ ಅವಳು ಹೊರಗೆ ಅರ್ಜಿ ಹಾಕಿದಳು. ಹೈದರಾಬಾದಿನ ಕಂಪನಿಯೊಂದು ಕಂಪ್ಯೂಟರಿನಲ್ಲೇ ಸಂದರ್ಶನಕ್ಕೆ ಕರೆಯಿತು. ಭಾನುವಾರ ಬೆಳಗ್ಗೆ, ಬಸವಕಲ್ಯಾಣದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಪರದೆಯ ಮೇಲಿದ್ದ ಹೆಂಗಸು ಕಲಬುರಗಿ ಕಡೆಯವಳು. ಅರ್ಧ ಗಂಟೆ ಇಂಗ್ಲಿಷಿನಲ್ಲಿ ಕೇಳಿದಳು. ಉತ್ತರಗಳು ಹಿಡಿಸಿದವೆಂದು ಕಾಣುತ್ತದೆ, ಕನ್ನಡಕ್ಕೆ ಇಳಿದಳು.

"ಒಂದ ಕೊನೀ ಪ್ರಶ್ನಿ. ಒಂಬತ್ತ ವರ್ಷದಾಗ ನೀವು ಹಿಡಿದಿದ್ದ ಎಲ್ಲಾಕ್ಕಿಂತ ದೊಡ್ಡ ದೋಷ ಯಾವುದ್ರಿ?"

ಜಯಮಾಲಾ ಬಾಯಿ ತೆರೆದಳು. ಮುಂದಿನ ಪ್ರಶ್ನೆ ಏನೆಂದೂ ಅವಳಿಗೆ ತಿಳಿದಿತ್ತು: ಹಿಡಿದ ಮೇಲೆ ಏನು ಮಾಡಿದಿರಿ?

"ಒಂದ ಕಾರ್ಖಾನ್ಯಾಗ ತೂಕದ ಚೀಟಿ ಅಚ್ಚಾಗುಮುಂದ ತಾರೀಖಿನ ಕೊನೀ ಅಂಕಿ ಕಟ್ ಆಗ್ತಿತ್ರಿ," ಎಂದಳು. "ಅದನ್ನ ಹಿಡಿದಿದ್ದೆ."

ಆ ಹೆಂಗಸು ಬರೆದುಕೊಳ್ಳಲು ಎತ್ತಿದ್ದ ಪೆನ್ನನ್ನು ಹಾಗೆಯೇ ಹಿಡಿದಿದ್ದಳು. "ಅಷ್ಟೇನ್ರಿ?"

"ಅಷ್ಟ ರೀ."